ಜಗತ್ತಿನಲ್ಲಿ ತೀರಾ ಅಪರೂಪದ ಪ್ರವಾಸಾನುಭವ ಎಲ್ಲಿ ಸಿಗುತ್ತದೆ?

ನನ್ನ ಆಯ್ಕೆ ಪೆರು ದೇಶದ ಕುಸ್ಕೊ ಪ್ರದೇಶದಲ್ಲಿರುವ ಕೆಸ್ವಾಚಾಕ ಎಂಬ ಹುಲ್ಲಿನ ತೂಗುಸೇತುವೆ. ಅಪುರಿಮಾಕ್ ನದಿಯ ಕೊರಕಲಿನ ಮೇಲೆ ಸುಮಾರು 28 ಮೀಟರ್ ಉದ್ದಕ್ಕೆ ಚಾಚಿರುವ ಇದನ್ನು ಸುತ್ತಲಿನ ನಾಲ್ಕು ಕೆಚುವಾ (ಆಂಡೀಸ್ ಬೆಟ್ಟಸೀಮೆಯ ಮೂಲನಿವಾಸಿ) ಸಮುದಾಯಗಳವರು ಪ್ರತಿ ಜೂನ್‌ನಲ್ಲಿ ಕಳಚಿ, ಮೂರೇ ದಿನಗಳಲ್ಲಿ ಹೊಸದಾಗಿ ಹೆಣೆದು, ನಾಲ್ಕನೆಯ ದಿನ ಹಬ್ಬ ಮಾಡುತ್ತಾರೆ. ಇಂಕಾ ಕಾಲದಿಂದ ಬಂದ ಈ ವಿದ್ಯೆಯನ್ನು ಯುನೆಸ್ಕೊ 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಭತ್ತದ ಹುಲ್ಲನ್ನು ಹೊಸೆದು ಹೊರೆ ಕಟ್ಟುವುದನ್ನು ಕಂಡಿರುವ ನಮ್ಮ ಮಂಡ್ಯದ ಕಡೆಯವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಒಂದೊಂದು ಎಸಳು ಬೆರಳಿಗೇ ಕಿತ್ತುಬರುವಷ್ಟು ದುರ್ಬಲವಾಗಿದ್ದರೂ, ನೆನೆಸಿ, ಜಜ್ಜಿ, ಅಂಗೈಗಳ ನಡುವೆ ಹೊಸೆದಾಗ ಎಸಳುಗಳ ತಿಕ್ಕಾಟವೇ ಅವನ್ನು ಜಾರದಂತೆ ಹಿಡಿದಿಡುತ್ತದೆ. ಸಣ್ಣ ಹುರಿಗಳು ಸೇರಿ ಹಗ್ಗವಾಗುತ್ತವೆ, ಹಗ್ಗಗಳು ಸೇರಿ ತೊಡೆ ಗಾತ್ರದ ಮಿಣಿಗಳಾಗುತ್ತವೆ.

ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಬಾಳಿಕೆಗೆ ಬೆರಗಾಗುವ ನಮಗೆ, ವರ್ಷಕ್ಕೊಮ್ಮೆ ಸಾಯುವ ಸೇತುವೆ ವಿಚಿತ್ರವೆನಿಸಬಹುದು. ಆದರೆ ನೋಡಲೇಬೇಕಾದದ್ದು ಸೇತುವೆಗಿಂತ ಆ ಹೆಣಿಗೆ. ಹಾಗಾಗಿ ಜೂನ್‌ನಲ್ಲೇ ಹೋಗಿ (3,600 ಮೀಟರಿಗೂ ಮೀರಿದ ಎತ್ತರವಾದ್ದರಿಂದ ಕುಸ್ಕೊದಲ್ಲಿ ಎರಡು ದಿನ ಸುಧಾರಿಸಿಕೊಳ್ಳುವುದು ಒಳಿತು). ಕೊರೊನಾ ಕಾರಣ 2020ರಲ್ಲಿ ಹೆಣಿಗೆ ನಿಂತಾಗ ಹಳೆಯ ಸೇತುವೆ ಮರುವರ್ಷ ಕುಸಿದುಬಿತ್ತು. ಬಿದ್ದ ವರ್ಷದ ಜೂನ್‌ನಲ್ಲೇ ಹಳ್ಳಿಗರು ಹೊಸದನ್ನು ಕಟ್ಟಿದರು.