ಒಂದು ಎಕರೆ ಮಾರಿ ಮ್ಯೂನಿಕ್‌ಗೆ ಹೋಗಬೇಕೆ?

ಪ್ರಶ್ನೆ: ಕೋಲಾರ ತಾಲ್ಲೂಕಿನ ಟೊಮೆಟೊ ಬೆಳೆಗಾರರೊಬ್ಬರ ಮಗ ನಾನು. ಜರ್ಮನಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಸ್ನಾತಕೋತ್ತರ ಪದವಿಗೆ ಮ್ಯೂನಿಕ್ ಮತ್ತು ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯಗಳೆರಡರಲ್ಲೂ ಸೀಟು ಸಿಕ್ಕಿದೆ. ನನಗೆ ಆಖೆನ್ ಇಷ್ಟ. ಅಪ್ಪ ಮಾತ್ರ ಮ್ಯೂನಿಕ್ ಎಂದು ಊರಿಗೆಲ್ಲ ಹೇಳಿಕೊಂಡು, ರಸ್ತೆ ಬದಿಯ ಒಂದು ಎಕರೆಗೆ ಗಿರಾಕಿಯನ್ನೂ ನೋಡಿದ್ದಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ. ತಂಗಿ ಇನ್ನೂ ಓದುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಲೆಕ್ಕವನ್ನು ಮುಗಿಸಿಬಿಡೋಣ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುತ್ತಿದ್ದು, ಸ್ನಾತಕೋತ್ತರ ಹಂತದಲ್ಲಿ ಅದು ಹೆಚ್ಚಿನ ಕೋರ್ಸುಗಳಿಗೆ ಸೆಮಿಸ್ಟರೊಂದಕ್ಕೆ 4,000ದಿಂದ 6,000 ಯೂರೋಗಳಷ್ಟಿದೆ. ಯೂರೋಗೆ 100 ರೂಪಾಯಿಯಂತೆ ಹಿಡಿದರೂ ನಾಲ್ಕು ಸೆಮಿಸ್ಟರಿಗೆ 16ರಿಂದ 24 ಲಕ್ಷವಾಯಿತು. ಪ್ರಬಂಧ ಬರೆಯುವುದು ತಡವಾಗಿ ಐದನೆಯ ಸೆಮಿಸ್ಟರಿಗೆ ದಾಟಿದರೆ (ಜರ್ಮನಿಯಲ್ಲಿ ಇದು ಅಪರೂಪವೇನಲ್ಲ) ಶುಲ್ಕವೂ ಮುಂದುವರಿಯುತ್ತದೆ, ಮ್ಯೂನಿಕ್‌ನ ದುಬಾರಿ ಮನೆಬಾಡಿಗೆಯೂ ಮುಂದುವರಿಯುತ್ತದೆ. ಆಖೆನ್‌ನ ಸಾಮಾನ್ಯ ಕೋರ್ಸುಗಳಿಗೆ ನೀವು ಈಗ ಕಟ್ಟುತ್ತಿರುವಂಥ ಸೆಮಿಸ್ಟರ್ ವಂತಿಗೆಯಷ್ಟೇ ಸಾಕು. ಯಂತ್ರೋಪಕರಣ ಮತ್ತು ಉತ್ಪಾದನಾ ತಂತ್ರಜ್ಞಾನದಲ್ಲಿ ಆಖೆನ್‌ಗೆ ಬಹುಕಾಲದಿಂದ ದೊಡ್ಡ ಹೆಸರಿರುವುದರಿಂದ, ನೀವು ಕಡಿಮೆಯದನ್ನು ಆರಿಸಿಕೊಂಡಂತೆ ಆಗುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ 18 ತಿಂಗಳ ಅವಕಾಶ ಎರಡೂ ಕಡೆ ಒಂದೇ.

ಮ್ಯೂನಿಕ್‌ನವರು ಶುಲ್ಕ ವಿನಾಯಿತಿಯನ್ನೋ ವಿದ್ಯಾರ್ಥಿವೇತನವನ್ನೋ ಲಿಖಿತವಾಗಿ ಕೊಟ್ಟರೆ ಮಾತು ಬೇರೆ. ಇಂದೇ ಕೇಳಿ ನೋಡಿ.

ಇನ್ನು ಜಮೀನು. ಅದು ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಂತೆ ನಿಮ್ಮ ತಂಗಿಗೂ ನಿಮ್ಮಷ್ಟೇ ಹಕ್ಕಿದೆ. ನಿಮ್ಮ ಶುಲ್ಕಕ್ಕಾಗಿ ಮಾರಾಟವಾಗುವ ಎಕರೆಯಲ್ಲಿ ಅವಳ ಪಾಲೂ ಹೋಗುತ್ತದೆ ಎಂಬುದನ್ನು ನಿಮ್ಮ ಮನೆಯಲ್ಲಿ ಯಾರೂ ಆಡಿರಲಾರರು. ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳು ಬಂದ ಮೇಲೆ ಆ ಸುತ್ತಿನ ರಸ್ತೆ ಬದಿಯ ನೆಲಕ್ಕೆ ಏರಿರುವ ಬೆಲೆಯನ್ನು ನೋಡಿದರೆ, ನಾಳೆ ನೀವು ಯೂರೋಗಳಲ್ಲಿ ಸಂಬಳ ಪಡೆದರೂ ಅದನ್ನು ಮರಳಿ ಕೊಳ್ಳುವುದು ಕಷ್ಟ. ಆದ್ದರಿಂದ ತಂದೆಯವರು ಮುಂಗಡ ಪಡೆದು ಕ್ರಯದ ಕರಾರಿಗೆ ಸಹಿ ಹಾಕುವ ಮೊದಲೇ ನೀವು ಬಾಯಿಬಿಡಬೇಕು. ಸಹಿಯಾದ ಮೇಲೆ ಹಿಂದೆ ಸರಿದರೆ ಕೋರ್ಟು ಕಚೇರಿ ಅಲೆಯಬೇಕಾದೀತು.

ಅವರೊಡನೆ ಯೂರೋ ಲೆಕ್ಕದಲ್ಲಿ ಮಾತನಾಡಬೇಡಿ. 15 ಕೆಜಿಯ ಬಾಕ್ಸು 2023ರ ಜುಲೈಯಲ್ಲಿ 2,000 ರೂಪಾಯಿ ದಾಟಿದ್ದನ್ನೂ, ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಕಂಡವರು ಅವರು. ಬಾಕ್ಸಿಗೆ 200 ರೂಪಾಯಿ ಸಿಕ್ಕರೆ ಮ್ಯೂನಿಕ್‌ನ ಒಂದು ಸೆಮಿಸ್ಟರಿನ ಕನಿಷ್ಠ ಶುಲ್ಕಕ್ಕೇ 2,000 ಬಾಕ್ಸು ಮಂಡಿಗೆ ಹೋಗಬೇಕೆಂದು ಹೇಳಿ. ಮುಂದಿನ ಲೆಕ್ಕವನ್ನು ಅವರೇ ಹಾಕುತ್ತಾರೆ. ಮಂಡಿಯಿಂದ ಬಂದು ಊಟ ಮುಗಿಸಿ ಕುಳಿತ ಹೊತ್ತಿನಲ್ಲಿ ಫೋನ್ ಮಾಡಿ, ತಾಯಿಯವರೂ ತಂಗಿಯೂ ಜೊತೆಗಿರಲಿ.

ಮಗನ ಮಾತು ಒಪ್ಪಿದರೂ ಊರಿನವರೆದುರು ಮಾತು ಬದಲಿಸುವ ಸಂಕೋಚ ಅವರಿಗೆ ಉಳಿಯುತ್ತದೆ. ಆಖೆನ್‌ನ ಪ್ರವೇಶಪತ್ರದ ಪ್ರತಿಯನ್ನು ಮೊಬೈಲಿಗೆ ಕಳಿಸಿ ಸುಮ್ಮನಾಗದೆ, ಒಳ್ಳೆಯ ಕಾಗದದಲ್ಲಿ ಮುದ್ರಿಸಿ ಅಂಚೆಯಲ್ಲಿ ಕಳಿಸಿಕೊಡಿ. ಅರಳಿಕಟ್ಟೆಯಲ್ಲಿ ಕೇಳಿದವರಿಗೆ ತೋರಿಸಲು ಅವರ ಕೈಯಲ್ಲಿ ಏನಾದರೂ ಇರಬೇಕು.