ನದಿಗೂ ಕಡಲಿಗೂ ನಡುವಿನ 20 ಸೆಂಟ್ಸ್

ಪತ್ರದ ಸಾರ: ಕುಂದಾಪುರ ತಾಲ್ಲೂಕಿನವರಾಗಿದ್ದು ಈಗ ಮಸ್ಕತ್‌ನಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ನಮ್ಮ ಹಿಂದಿನ ಸಂಚಿಕೆಯ ನೀರಂಚಿನ ಮನೆಗಳ ಚಿತ್ರಲೇಖನವನ್ನು ಮೆಚ್ಚಿ ಬರೆದಿದ್ದಾರೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಾಗ ಅವರು ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು ಇರುವ 20 ಸೆಂಟ್ಸ್ ಜಾಗವನ್ನು ನೋಡಿದ್ದಾರೆ. ಆ ಲೇಖನದಲ್ಲಿದ್ದ ಅಮೆರಿಕದ ಫಾರ್ನ್ಸ್‌ವರ್ತ್ ಮನೆಯಂತೆ ಕಂಬಗಳ ಮೇಲೆ ನಿಂತ ಗಾಜಿನ ಮನೆಯೊಂದನ್ನು ಅಲ್ಲಿ ಕಟ್ಟಬೇಕೆಂಬುದು ಅವರ ಆಸೆ. ‘ಎತ್ತರಿಸಿ ಕಟ್ಟಿದರೆ ನೀರಿನ ಭಯವಿಲ್ಲವಲ್ಲ? ಅಕ್ಕಪಕ್ಕದಲ್ಲಿ ಮನೆಗಳಿವೆ, ಕಾನೂನಿನ ತೊಡಕಿಲ್ಲ ಎಂದು ದಲ್ಲಾಳಿ ಹೇಳುತ್ತಾರೆ. ಮುಂಗಡ ಕೊಡಬಹುದೇ?’ ಎಂದು ಕೇಳಿದ್ದಾರೆ.

ಮಾನ್ಯರೇ,

ದಯವಿಟ್ಟು ಮುಂಗಡ ಕೊಡಬೇಡಿ. ತಮ್ಮ ಪತ್ರದಲ್ಲಿ ಊರಿಗೆ ಮರಳುವ ಹಂಬಲ ಎದ್ದು ಕಾಣುತ್ತಿರುವುದರಿಂದ ಇದನ್ನು ಬರೆಯುವುದು ನನಗೆ ಸುಲಭವಾಗಲಿಲ್ಲ. ಆದರೆ ಇಪ್ಪತ್ತು ವರ್ಷಗಳ ದುಡಿಮೆಯ ಹಣವನ್ನು ತಾವು ಹಾಕಲು ಹೊರಟಿರುವ ಜಾಗದ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ಸರಿಯಲ್ಲ. ತಮ್ಮ ಮನಸ್ಸಿನಲ್ಲಿ ಆ ಮನೆಯ ಚಿತ್ರವನ್ನು ಮೂಡಿಸಿದ್ದು ನಮ್ಮದೇ ಪತ್ರಿಕೆಯ ಲೇಖನ. ಅದರಲ್ಲಿ ಮನೆಯ ಸೊಗಸನ್ನು ತೋರಿಸಿದೆವು, ಆ ಮನೆಯೊಳಗೆ ನದಿ ನುಗ್ಗಿದ ಕಥೆಯನ್ನು ಹೇಳಲಿಲ್ಲ. ಆ ಲೋಪವನ್ನು ಇಲ್ಲಿ ತುಂಬಿಕೊಡಬೇಕಾದುದು ನನ್ನ ಹೊಣೆ.

ಷಿಕಾಗೋ ನಗರದ ಮೂತ್ರಪಿಂಡ ತಜ್ಞೆ ಡಾ. ಎಡಿತ್ ಫಾರ್ನ್ಸ್‌ವರ್ತ್ ಅವರು ವಾರಾಂತ್ಯ ಕಳೆಯಲೆಂದು ಇಲಿನಾಯ್ ರಾಜ್ಯದ ಪ್ಲೇನೋ ಎಂಬಲ್ಲಿ ಫಾಕ್ಸ್ ನದಿಯ ದಂಡೆಯ ಮೇಲೆ ಆ ಮನೆಯನ್ನು ಕಟ್ಟಿಸಿದರು. ವಿನ್ಯಾಸ ಮಾಡಿದವರು ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲುಡ್ವಿಗ್ ಮೀಸ್ ವಾನ್ ಡೆರ್ ರೋಹೆ. 1951ರಲ್ಲಿ ಪೂರ್ಣಗೊಂಡ ಈ ಮನೆಗೆ ಎಂಟು ಉಕ್ಕಿನ ಕಂಬಗಳು, ಒಂದು ನೆಲ, ಒಂದು ಚಾವಣಿ, ಸುತ್ತಲೂ ಗಾಜು. ಉಳಿದಂತೆ ಗೋಡೆಯೆಂಬುದೇ ಇಲ್ಲ. ಇಪ್ಪತ್ತನೆಯ ಶತಮಾನದ ಗೃಹವಿನ್ಯಾಸವನ್ನೇ ಬದಲಿಸಿದ ಕಟ್ಟಡಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ, ಮತ್ತು ಆ ಸ್ಥಾನಕ್ಕೆ ಅದು ಯೋಗ್ಯವೆಂದೇ ನಾನು ನಂಬಿದ್ದೇನೆ. ಮೀಸ್ ಅವರು ನೀರನ್ನು ಮರೆತಿದ್ದರೆಂದು ಯಾರೂ ಹೇಳುವಂತಿಲ್ಲ. ಅಲ್ಲಿನ ಜನರಿಗೆ ಗೊತ್ತಿದ್ದ ನೆರೆಯ ಮಟ್ಟವನ್ನು ಗಮನಿಸಿ, ಅದಕ್ಕಿಂತ ಮೇಲಿರಲೆಂದು ಅವರು ಮನೆಯ ನೆಲವನ್ನು ಭೂಮಿಯಿಂದ 5 ಅಡಿಗೂ ಸ್ವಲ್ಪ ಹೆಚ್ಚು ಎತ್ತರಕ್ಕೆ ಏರಿಸಿದ್ದರು.

ಮನೆ ಮುಗಿದು ಮೂರೇ ವರ್ಷಕ್ಕೆ, 1954ರಲ್ಲಿ, ಫಾಕ್ಸ್ ನದಿ ಉಕ್ಕಿ ಆ ಎತ್ತರದ ನೆಲದ ಮೇಲೂ ಸುಮಾರು 4 ಅಡಿ ನೀರು ನಿಂತಿತು. 1996ರಲ್ಲಿ ಸುಮಾರು 5 ಅಡಿ ನಿಂತಿತು. ಗಾಜಿನ ಹಲಗೆಗಳು ಒಡೆದವು, ಒಳಗಿನ ಮರದ ಕೆಲಸ ಹಾಳಾಯಿತು, ಆಗಿನ ಮಾಲೀಕರ ಕಲಾಕೃತಿಗಳು ನೀರುಪಾಲಾದವು. 2008ರಲ್ಲಿ ಚಂಡಮಾರುತವೊಂದರ ಶೇಷ ಮಳೆಯಿಂದ ಮತ್ತೆ ನೀರು ಒಳಗೆ ಬಂತು. ಮೀಸ್ ಅವರ ಲೆಕ್ಕ ತಪ್ಪಿದ್ದು ಹೇಗೆ ಎಂದು ತಾವು ಕೇಳಬಹುದು. ಲೆಕ್ಕ ಹಳೆಯ ನದಿಯದು, ಬಂದದ್ದು ಹೊಸ ನದಿ. ಮೇಲ್ದಂಡೆಯಲ್ಲಿ ಊರುಗಳು ಬೆಳೆದು, ಹುಲ್ಲುಗಾವಲು ಮತ್ತು ಹೊಲಗಳಿದ್ದಲ್ಲಿ ರಸ್ತೆ, ಮನೆ, ವಾಹನ ನಿಲ್ದಾಣಗಳು ಬಂದಂತೆ ಮಳೆಯ ನೀರು ಇಂಗದೆ ಒಮ್ಮೆಗೇ ನದಿಗೆ ಇಳಿಯತೊಡಗಿತು. ಮನೆಯ ಮಾಲೀಕರು ತಮ್ಮ ಅಂಗಳದಲ್ಲಿ ಒಂದು ಕಲ್ಲನ್ನೂ ಅಲುಗಿಸದಿದ್ದರೂ ಅವರ ಮನೆಯ ಎತ್ತರ ಸಾಲದಾಯಿತು. ‘ಎತ್ತರಿಸಿ ಕಟ್ಟಿದರೆ ಭಯವಿಲ್ಲವಲ್ಲ’ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ: ಎಷ್ಟು ಎತ್ತರ ಎಂಬುದನ್ನು ತೀರ್ಮಾನಿಸುವ ಅಧಿಕಾರ ಮನೆ ಕಟ್ಟುವವರ ಕೈಯಲ್ಲಿ ಪೂರ್ತಿಯಾಗಿ ಇರುವುದಿಲ್ಲ.

ಆ ಮನೆ ಇಂದಿಗೂ ನಿಂತಿರುವುದಕ್ಕೆ ಕಾರಣ ಅದರ ಕೀರ್ತಿ. 2003ರ ಹರಾಜಿನಲ್ಲಿ ಸಂರಕ್ಷಣಾ ಸಂಸ್ಥೆಗಳು ಅದನ್ನು 75 ಲಕ್ಷ ಡಾಲರ್ ಕೊಟ್ಟು ಕೊಂಡವು. ಈಗ ಅದು ವಸ್ತುಸಂಗ್ರಹಾಲಯ, ಅಲ್ಲಿ ಯಾರೂ ವಾಸವಿಲ್ಲ. ಪ್ರತಿ ನೆರೆಯ ನಂತರವೂ ಅದನ್ನು ಮೊದಲಿನಂತೆ ಮಾಡಲು ತಜ್ಞರೂ ಹಣವೂ ಒದಗಿಬಂದವು. ನಮ್ಮ ನಿಮ್ಮಂಥವರ ಮನೆಗೆ ಆ ಆಸರೆ ಇರುವುದಿಲ್ಲ. ಅಲ್ಲಿ ವಾಸವಿದ್ದ ಎಡಿತ್ ಅವರ ಅನುಭವವೂ ಚಿತ್ರದಷ್ಟು ಸುಂದರವಾಗಿರಲಿಲ್ಲ: ಬೇಸಿಗೆಯಲ್ಲಿ ಸೆಕೆ, ಸಂಜೆ ದೀಪ ಹಚ್ಚಿದರೆ ಗಾಜಿಗೆ ಮುತ್ತುವ ಹುಳುಗಳು, ಚಳಿಗಾಲದಲ್ಲಿ ಗಾಜಿನ ಮೇಲೆ ಇಳಿಯುವ ನೀರು, ಇವುಗಳ ಜೊತೆಗೆ ಖರ್ಚಿನ ವಿಷಯದಲ್ಲಿ ವಾಸ್ತುಶಿಲ್ಪಿಯೊಂದಿಗೆ ನ್ಯಾಯಾಲಯದ ವ್ಯಾಜ್ಯ. ಕರಾವಳಿಯ ಏಪ್ರಿಲ್ ತಿಂಗಳನ್ನು ಬಲ್ಲ ತಮಗೆ ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಗೋಡೆಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ತಾವು ನೋಡಿರುವ ಜಾಗದ ತೊಂದರೆ ಇದಕ್ಕಿಂತ ಆಳವಾದದ್ದು. ಫಾಕ್ಸ್ ನದಿಯ ನೀರು ಬರುತ್ತದೆ, ಇಳಿಯುತ್ತದೆ. ನೆಲ ಅಲ್ಲಿಯೇ ಇರುತ್ತದೆ. ನದಿ ಮತ್ತು ಕಡಲಿನ ನಡುವಿನ ಮರಳಿನ ಪಟ್ಟಿಯಲ್ಲಾದರೋ ನೆಲವೇ ಚಲಿಸುವಂಥದ್ದು. ನದಿ ತಂದ ಮಣ್ಣು, ಅಲೆ ತಂದ ಮರಳು, ದಂಡೆಯುದ್ದಕ್ಕೂ ಹರಿಯುವ ಪ್ರವಾಹ, ಇವುಗಳ ಕೊಡುಕೊಳ್ಳುವಿಕೆಯಿಂದ ಅಂಥ ಪಟ್ಟಿ ಹುಟ್ಟುತ್ತದೆ, ಅದೇ ಕೊಡುಕೊಳ್ಳುವಿಕೆಯಲ್ಲಿ ಬೆಳೆಯುತ್ತದೆ, ಸವೆಯುತ್ತದೆ. ಅಳಿವೆಯ ಬಾಯಿ ಕೆಲವೊಮ್ಮೆ ಜಾಗ ಬದಲಿಸುವುದನ್ನು ನಮ್ಮ ಮೀನುಗಾರರು ತಲೆಮಾರುಗಳಿಂದ ಕಂಡಿದ್ದಾರೆ. ತಾವು ಡಿಸೆಂಬರ್‌ನಲ್ಲಿ ಜಾಗ ನೋಡಿದ್ದೀರಿ. ಆಗ ಕಡಲು ಶಾಂತ, ಮಳೆಗಾಲದಲ್ಲಿ ಕೊಂಡೊಯ್ದ ಮರಳನ್ನು ಅಲೆಗಳು ಮರಳಿ ತಂದು ಹಾಕುವ ಕಾಲ. ಮರಳುದಂಡೆ ತನ್ನ ಅತ್ಯಂತ ಅಗಲವಾದ ರೂಪದತ್ತ ಬೆಳೆಯುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ದಂಡೆ ಕೊರೆದು ಕಿರಿದಾಗುತ್ತದೆ. ದಲ್ಲಾಳಿಗಳು ಇಂಥ ಜಾಗವನ್ನು ಜುಲೈನಲ್ಲಿ ತೋರಿಸಿದ್ದನ್ನು ನಾನು ಕೇಳಿಲ್ಲ.

ವರ್ಷವರ್ಷದ ಈ ಏರಿಳಿತದ ಮೇಲೆ ಮನುಷ್ಯನ ಕೆಲಸವೂ ಸೇರಿಕೊಂಡರೆ ಹೋದ ಮರಳು ಮರಳಿ ಬರುವುದಿಲ್ಲ. ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಗೆ ದೋಣಿಗಳ ಅನುಕೂಲಕ್ಕೆಂದು ಕಲ್ಲಿನ ತಡೆಗೋಡೆಗಳನ್ನು ಕಡಲಿನೊಳಕ್ಕೆ ಚಾಚಿ ಕಟ್ಟಿದ ಮೇಲೆ, ಅದರ ದಕ್ಷಿಣಕ್ಕಿರುವ ಉಳ್ಳಾಲದ ದಂಡೆಯಲ್ಲಿ ಕಡಲ್ಕೊರೆತ ಊರಿನ ನಿತ್ಯದ ಸಂಕಟವಾಯಿತು. ಮನೆಗಳು, ತೆಂಗಿನ ಮರಗಳು, ರಸ್ತೆಗಳು ಕಡಲಿಗೆ ಹೋದವು. ಅದನ್ನು ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಪಡೆದು ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸುವ ಯೋಜನೆ ಕೈಗೊಳ್ಳಬೇಕಾಯಿತು. ಒಂದು ಕಡೆ ಕಲ್ಲು ಹಾಕಿದರೆ ಅಲೆಯ ಹೊಡೆತ ಅದರ ಪಕ್ಕದ ದಂಡೆಗೆ ಸರಿಯುವುದೂ ಉಂಟು. ತಮ್ಮ ಮನೆಯ ಮುಂದೆ ತಾವೇ ಗೋಡೆ ಕಟ್ಟಿಸಿಕೊಂಡರೆ ಅದರ ಫಲವನ್ನು ಪಕ್ಕದ ಮೀನುಗಾರರ ಮನೆಯವರು ಉಣ್ಣಬೇಕಾದೀತು ಎಂಬುದನ್ನೂ ದಯವಿಟ್ಟು ಯೋಚಿಸಿ.

ಇನ್ನು ‘ಅಕ್ಕಪಕ್ಕದಲ್ಲಿ ಮನೆಗಳಿವೆ’ ಎಂಬ ದಲ್ಲಾಳಿಯ ಮಾತು. ಇದು ಕೇಳಲು ಸಮಾಧಾನಕರ, ಕಾನೂನಿನ ದೃಷ್ಟಿಯಿಂದ ಹುರುಳಿಲ್ಲದ್ದು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರಲ್ಲಿ ಬಂತು. 2011ರಲ್ಲಿ ಮತ್ತು 2019ರಲ್ಲಿ ಅದರ ಜಾಗದಲ್ಲಿ ಹೊಸವು ಬಂದವು. ಕಡಲಿನ ಭರತದ (ಉಬ್ಬರದ) ಅತಿ ಎತ್ತರದ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಜಾಗ ಈ ನಿಯಂತ್ರಣಕ್ಕೆ ಒಳಪಡುತ್ತದೆ. ಗ್ರಾಮೀಣ ದಂಡೆಯಲ್ಲಿ 2011ರ ಅಧಿಸೂಚನೆಯಂತೆ ಮೊದಲ 200 ಮೀಟರ್ ನಿರ್ಮಾಣ ನಿಷಿದ್ಧ ಪ್ರದೇಶ. 2019ರದ್ದು ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ ಮಾತ್ರ ಅದನ್ನು 50 ಮೀಟರ್‌ಗೆ ಇಳಿಸಿತು. ನದಿಯ ಕಡೆಯಿಂದಲೂ ಅಳತೆ ಇದೆ, ಏಕೆಂದರೆ ಉಪ್ಪುನೀರು ಏರುವವರೆಗಿನ ನದಿಯೂ ಕಡಲಿನ ಲೆಕ್ಕಕ್ಕೇ ಸೇರುತ್ತದೆ. ಎರಡೂ ಬದಿಯಿಂದ ಟೇಪು ಹಿಡಿದರೆ ತಮ್ಮ 20 ಸೆಂಟ್ಸ್‌ನಲ್ಲಿ ಮನೆ ಕಟ್ಟಲು ಉಳಿಯುವುದೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಿ. ಅಕ್ಕಪಕ್ಕದ ಮನೆಗಳು ಅಧಿಸೂಚನೆಗಿಂತ ಹಳೆಯವಿರಬಹುದು, ಅಥವಾ ಮೀನುಗಾರರೇ ಮೊದಲಾದ ಸಾಂಪ್ರದಾಯಿಕ ಕರಾವಳಿ ಸಮುದಾಯಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿಯಲ್ಲಿ ಕಟ್ಟಿದವಿರಬಹುದು. ಆ ವಿನಾಯಿತಿ ನ್ಯಾಯವಾದದ್ದು. ಕಡಲಂಚು ಅವರ ಕಸುಬಿನ ಜಾಗ. ಆದರೆ ಆ ವಿನಾಯಿತಿ ಜಾಗದ ಜೊತೆಗೆ ತಮ್ಮ ಕೈಗೆ ಬರುವುದಿಲ್ಲ.

ಪಂಚಾಯಿತಿಯ ಪರವಾನಗಿ ಇದ್ದರೆ ಸಾಕು ಎಂದು ಯಾರಾದರೂ ಹೇಳಿದರೆ, ಕೊಚ್ಚಿಯ ಮರಡುವನ್ನು ನೆನೆಯಿರಿ. ಹಿನ್ನೀರಿನ ದಂಡೆಯ ಮೇಲೆ ಸ್ಥಳೀಯ ಪಂಚಾಯಿತಿಯ ಪರವಾನಗಿಯಿಂದಲೇ ಎದ್ದ ನಾಲ್ಕು ವಸತಿ ಸಂಕೀರ್ಣಗಳನ್ನು, ಕರಾವಳಿ ನಿಯಮ ಮೀರಿವೆ ಎಂಬ ಕಾರಣಕ್ಕೆ ಕೆಡವುವಂತೆ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಅವನ್ನು ಉರುಳಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಮನೆಗಳು ಕೆಲವೇ ಕ್ಷಣಗಳಲ್ಲಿ ಧೂಳಾದವು. ಮಧ್ಯಂತರ ಪರಿಹಾರವೆಂದು ತಲಾ 25 ಲಕ್ಷ ರೂಪಾಯಿ ಗೊತ್ತುಪಡಿಸಲಾಯಿತು. ಕೊಂಡವರಲ್ಲಿ ಅನೇಕರು ತಮ್ಮಂತೆಯೇ ಹೊರದೇಶದಲ್ಲಿ ದುಡಿದು ಉಳಿಸಿದವರಾಗಿದ್ದರು. ನೀರು ಅವರ ಮನೆಗೆ ಏನೂ ಮಾಡಿರಲಿಲ್ಲ.

ವಿಮೆಯ ವಿಷಯವನ್ನು ತಾವು ಕೇಳಿಲ್ಲ, ಆದರೂ ಹೇಳಬೇಕು. 2021ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ, ಚಂಡಮಾರುತ, ಸುನಾಮಿಗಳಿಗೆ ರಕ್ಷಣೆ ಇದೆ. ನೆಲ ಕುಸಿತಕ್ಕೂ ಇದೆ. ಆದರೆ ಆ ಕುಸಿತ ಕಡಲಿನ ಅಥವಾ ನದಿಯ ಕೊರೆತದಿಂದ ಆದದ್ದಾದರೆ ಇಲ್ಲ. ತಮ್ಮ ಜಾಗಕ್ಕೆ ಬರಬಹುದಾದ ಅತಿ ದೊಡ್ಡ ಅಪಾಯಕ್ಕೇ ರಕ್ಷಣೆ ಇಲ್ಲವೆಂದಾಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಚೆಂದದ ಮನೆಯ ಕನಸನ್ನು ತಾವು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದೇ ಊರಿನಲ್ಲಿ, ನಿಯಂತ್ರಣ ವಲಯವನ್ನು ದಾಟಿ ಪೂರ್ವಕ್ಕೆ, ಮುರಕಲ್ಲಿನ ಗಟ್ಟಿ ನೆಲ ಇರುವ ಎತ್ತರದಲ್ಲಿ ಜಾಗ ಹುಡುಕಿ. ನಮ್ಮ ಹಿರಿಯರು ಕಡಲಂಚನ್ನು ದೋಣಿಗೆ, ಬಲೆ ಒಣಗಿಸುವುದಕ್ಕೆ ಬಿಟ್ಟು, ತೆಂಗಿನ ತೋಟದ ಆಚೆಗೆ ಮುರಕಲ್ಲಿನ ಗೋಡೆ, ಇಳಿಜಾರಾದ ಹಂಚಿನ ಮಾಡು, ಆಳವಾದ ಜಗಲಿಯ ಮನೆಗಳನ್ನು ಕಟ್ಟಿದರು. ಆ ಜಗಲಿಯ ನೆರಳಿನಲ್ಲಿ ದೊಡ್ಡ ಗಾಜಿನ ಬಾಗಿಲೂ ತಂಪಾಗಿರುತ್ತದೆ, ಗುಡ್ಡದ ಮೇಲಿಂದ ನದಿಯೂ ಕಡಲೂ ಒಟ್ಟಿಗೆ ಕಾಣುತ್ತವೆ. ಅಲ್ಲಿಯೂ ಉಪ್ಪುಗಾಳಿ ಬರುವುದರಿಂದ ಉಕ್ಕಿನ ಕಂಬಗಳ ಆಸೆ ಬಿಡಿ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ 456 ಕರಾವಳಿಯ ಗಾಳಿಗೆ ತೆರೆದ ಕಟ್ಟಡಕ್ಕೆ ಕನಿಷ್ಠ ಎಂ30 ಎಂಬ ಗಟ್ಟಿತನದ ದರ್ಜೆಯ ಕಾಂಕ್ರೀಟನ್ನೂ ಒಳಗಿನ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆಯನ್ನೂ ಹೇಳುತ್ತದೆ. ಗುತ್ತಿಗೆದಾರರು ರೂಢಿಯಂತೆ 20 ಮಿಲಿಮೀಟರ್ ಬಿಟ್ಟರೆ ಕಂಬಿ ಬೇಗನೆ ತುಕ್ಕು ಹಿಡಿದು ಕಾಂಕ್ರೀಟ್ ಸಿಡಿಯತೊಡಗುತ್ತದೆ. ಕೆಲಸ ನಡೆಯುವಾಗ ತಾವು ಊರಿನಲ್ಲಿಲ್ಲದಿದ್ದರೆ ಇದನ್ನು ಅಳೆದು ನೋಡುವ ಎಂಜಿನಿಯರ್ ಒಬ್ಬರನ್ನು ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಿ.

ಮೊದಲು ನೋಡಿದ ಆ ಜಾಗ ಮನಸ್ಸಿನಿಂದ ಹೋಗದಿದ್ದರೆ, ಮುಂದಿನ ರಜೆಯನ್ನು ಡಿಸೆಂಬರ್ ಬದಲು ಜುಲೈಗೆ ಹಾಕಿಕೊಂಡು, ಅಮಾವಾಸ್ಯೆಯ ಭರತದ ಹೊತ್ತಿಗೆ ಒಬ್ಬರೇ ಅಲ್ಲಿಗೆ ಹೋಗಿ. ದಲ್ಲಾಳಿಯನ್ನು ಕರೆದೊಯ್ಯಬೇಡಿ. ಪಕ್ಕದ ಮನೆಯ ಹಿರಿಯರ ಬಳಿ ಕುಳಿತು, ಅವರು ಚಿಕ್ಕವರಿದ್ದಾಗ ಕಡಲು ಎಲ್ಲಿತ್ತು, ಬಾವಿಯ ನೀರು ಯಾವ ತಿಂಗಳಲ್ಲಿ ಉಪ್ಪಾಗುತ್ತದೆ, ತೆಂಗಿನ ಎಷ್ಟು ಸಾಲು ಹೋದವು ಎಂದು ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ಕಳಿಸಿದರೆ ಈ ಪುಟದಲ್ಲೇ ಪ್ರಕಟಿಸುತ್ತೇನೆ.

— ಸಂಪಾದಕ