ಭಾರ ಇರೋ ಸವಾರರಿಗೆ ಎಂಥ ವೀಲ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ತೂಕ 108 ಕೆಜಿ. ರೋಡ್ ಬೈಕ್ ಜೊತೆಗೇ ಬಂದಿದ್ದ ವೀಲಲ್ಲಿ ಮುಂದೆ 20, ಹಿಂದೆ 24 ಸ್ಪೋಕ್ ಇದೆ, ರಿಮ್ ಬ್ರೇಕು. ಮುಂದಿನದು ಆರಾಮಾಗಿದೆ, ಹಿಂದಿನದ್ರಲ್ಲಿ ಮಾತ್ರ ಒಂದಾದ ಮೇಲೊಂದು ಸ್ಪೋಕ್ ಮುರೀತಿದೆ, ಬೆಂಡ್ ತೆಗೆಸಿದ್ರೂ ನಾಲ್ಕು ದಿನಕ್ಕೆ ಮತ್ತೆ ಬೆಂಡು. ಗೆಳೆಯರು ಕಾರ್ಬನ್ ಸೆಟ್ ಹಾಕ್ಸು, ಹಗುರಾನೂ ಆಗತ್ತೆ ಅಂತಾರೆ. ಅಷ್ಟು ದುಡ್ಡು ಹಾಕೋಕೆ ಆಗಲ್ಲ. ಕಡಿಮೆ ಖರ್ಚಲ್ಲಿ ಯಾವ ವೀಲ್‌ಸೆಟ್ ತಗೋಬೋದು?

ಉತ್ತರ: ಸೆಟ್ಟೇ ಬೇಕು ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ಮುಂದಿನ ವೀಲ್ ತೊಂದ್ರೆ ಕೊಡ್ತಿಲ್ಲ ಅಂದ್ಮೇಲೆ ಅದರ ಪಾಡಿಗೆ ಅದಿರ್ಲಿ, ಆಗಾಗ ಸ್ಪೋಕ್ ಮುಟ್ಟಿ ನೋಡ್ತಿದ್ರೆ ಸಾಕು. ಇರೋ ದುಡ್ಡನ್ನೆಲ್ಲ ಹಿಂದಿನ ವೀಲ್ ಒಂದಕ್ಕೇ ಹಾಕಿ. 32 ಸ್ಪೋಕು, ಗಟ್ಟಿ ಅಲ್ಯೂಮಿನಿಯಂ ರಿಮ್ಮು, ವೀಲ್ ಕಟ್ಟೋದು ಚೆನ್ನಾಗಿ ಗೊತ್ತಿರೋರ ಕೈಯಲ್ಲಿ ಕಟ್ಸಿದ್ದು. ನಿಮ್ಮ ತೂಕಕ್ಕೆ ಇದಕ್ಕಿಂತ ಒಳ್ಳೆ ಅಪ್‌ಗ್ರೇಡ್ ಇಲ್ಲ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಯಾಕೆ ಅಂತಲೂ ಹೇಳ್ಬೇಕಲ್ವಾ. ನಾನು ದಪ್ಪ ಇದೀನಿ, ಭಾರ ತಡೀಲಾರದೆ ಸ್ಪೋಕ್ ಪಟ್ ಅಂತ ಹೋಯ್ತು ಅಂತ ತುಂಬಾ ಜನ ಅಂದ್ಕೋತಾರೆ, ಹಾಗಲ್ಲ ಅದು. ತಂತೀನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಕೊನೆಗೊಂದ್ಸಲ ತುಂಡಾಗತ್ತಲ್ಲ, ಸ್ಪೋಕ್ ಮುರಿಯೋದೂ ಹಾಗೇನೇ, ದಣಿದು ದಣಿದು. ಚಕ್ರ ಉರುಳೋವಾಗ ನೆಲದ ಹತ್ರ ಬಂದ ಸ್ಪೋಕ್‌ಗಳ ಬಿಗಿ ಸ್ವಲ್ಪ ಕಮ್ಮಿ ಆಗತ್ತೆ, ಮೇಲೆ ಹೋದ ತಕ್ಷಣ ಮತ್ತೆ ಬಿಗಿಯಾಗತ್ತೆ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಅಂದ್ರೆ ಒಂದು ಕಿಲೋಮೀಟರಿಗೆ 475 ಸುತ್ತು, ಸಾವಿರ ಕಿಲೋಮೀಟರ್ ಓಡ್ಸಿದ್ರೆ ಒಂದೊಂದು ಸ್ಪೋಕೂ ನಾಲ್ಕೂಮುಕ್ಕಾಲು ಲಕ್ಷ ಸಲ ಸಡಿಲ ಆಗಿ ಬಿಗಿ ಆಗಿರತ್ತೆ. ಸವಾರರ ತೂಕ ಹೆಚ್ಚಾದಷ್ಟೂ ಒಂದೊಂದು ಸಲದ ಸಡಿಲಾನೂ ಹೆಚ್ಚು, ಸ್ಪೋಕ್ ಸಂಖ್ಯೆ ಕಮ್ಮಿ ಇದ್ದಷ್ಟೂ ಆ ಭಾರ ಹಂಚಿಕೊಳ್ಳೋರು ಕಮ್ಮಿ. ನಿಮ್ಮ ಕೇಸಲ್ಲಿ ಎರಡೂ ಸೇರ್ಕೊಂಡಿದೆ.

ಹಿಂದಿನ ವೀಲೇ ಯಾಕೆ ಅಂದ್ರೆ, ಒಟ್ಟು ಭಾರದ ಅರ್ಧಕ್ಕಿಂತ ಜಾಸ್ತಿ ಅದರ ಮೇಲೇ ಬೀಳತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಲಗಡೆ ಕ್ಯಾಸೆಟ್ಟಿಗೆ (ಗೇರಿನ ಹಲ್ಲುಚಕ್ರಗಳ ಗೊಂಚಲು) ಜಾಗ ಬಿಡ್ಬೇಕಲ್ಲ, ಅದಕ್ಕೆ ಚಕ್ರದ ನಡುವಿನ ಹಬ್ಬಿನ ಬಲಗಡೆ ಫ್ಲೇಂಜ್, ಅಂದ್ರೆ ಸ್ಪೋಕ್ ಸಿಕ್ಕಿಸೋ ಅಂಚು, ಮಧ್ಯಕ್ಕೆ ಸರ್ಕೊಂಡಿರತ್ತೆ, ರಿಮ್ ನಡುವಿಗೆ ಕೂರ್ಬೇಕು ಅಂದ್ರೆ ಬಲಗಡೆ ಸ್ಪೋಕ್ ತುಂಬಾ ಬಿಗಿ ಇರ್ಬೇಕು, ಎಡಗಡೆಯದು ಅದರ ಅರ್ಧದಷ್ಟೇ ಬಿಗಿ ಇರತ್ತೆ. ಈ ಎಡಗಡೆಯವು ನಿಮ್ಮ ಭಾರಕ್ಕೆ ಪ್ರತಿ ಸುತ್ತಿಗೂ ಪೂರ್ತಿ ಸಡಿಲ ಆಗೋ ಹಂತಕ್ಕೆ ಬರತ್ತೆ, ಸ್ಪೋಕನ್ನ ರಿಮ್ಮಿಗೆ ಬಿಗಿಯೋ ಸಣ್ಣ ನಟ್ಟು, ಅಂದ್ರೆ ನಿಪ್ಪಲ್, ನಿಧಾನಕ್ಕೆ ತಾನೇ ತಿರುಗಿ ಬಿಚ್ಕೊಳ್ಳತ್ತೆ, ಅದಕ್ಕೇ ನಾಲ್ಕು ದಿನಕ್ಕೆ ಮತ್ತೆ ಬೆಂಡು.

ಮುರಿದ ಸ್ಪೋಕ್ ಇಟ್ಕೊಂಡಿದ್ರೆ ಬೆಳಕಲ್ಲಿ ಹಿಡಿದು ನೋಡಿ. ಹಬ್ಬಿನ ತೂತಿಂದ ಹೊರಗೆ ಬರೋ ಬಾಗಿದ ಜಾಗದಲ್ಲೇ, ಎಳೆದು ಸಣ್ಣ ಆದ ಗುರುತೇ ಇಲ್ದೆ ಚಪ್ಪಟೆಯಾಗಿ ಕತ್ತರಿಸಿದ ಹಾಗೆ ಮುರಿದಿದ್ರೆ ಅದು ದಣಿವಿಂದ ಮುರಿದಿದ್ದು. ಆ ವೀಲಿನ ಉಳಿದ ಸ್ಪೋಕೂ ಅಷ್ಟೇ ದೂರ ಓಡಿದಾವೆ, ಒಂದೊಂದೇ ಬದಲಾಯ್ಸ್ತಾ ಕೂತ್ರೆ ಮುಗಿಯೋ ಮಾತಲ್ಲ. ಬಲಗಡೆ ಸ್ಪೋಕಲ್ಲಿ, ಕ್ಯಾಸೆಟ್ ಹಿಂದೆ, ಗೀರು ಗಾಯ ಕಾಣಿಸಿದ್ರೆ ಮಾತ್ರ ವಿಷಯ ಬೇರೆ, ಯಾವಾಗ್ಲೋ ಚೈನ್ ಒಳಗಡೆ ಬಿದ್ದು ಕೊರೆದಿದೆ ಅಂತ ಅರ್ಥ, ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಸ್ಕ್ರೂ ಸರಿ ಮಾಡಿಸ್ದೆ ಹೊಸ ವೀಲ್ ಹಾಕಿದ್ರೂ ಅದೇ ಕಥೆ.

ಇನ್ನು ಏನೇನು ತಗೋಬೇಕು ಅಂತ. ಹಬ್ಬು ಶಿಮಾನೋ 105 ಮಟ್ಟದ್ದು ಧಾರಾಳ ಸಾಕು, 32 ತೂತಿಂದು, ರಿಮ್ ಬ್ರೇಕ್ ಫ್ರೇಮಿಗೆ ಅಗಲ 130 ಮಿಮೀ. ಅದರ ಫ್ರೀಹಬ್ ಬಾಡಿ, ಅಂದ್ರೆ ಕ್ಯಾಸೆಟ್ ಕೂರೋ ಭಾಗ, ಸ್ಟೀಲು, ಭಾರ ಇರೋರು ಏರಲ್ಲಿ ನಿಂತು ತುಳಿದ್ರೂ ಕ್ಯಾಸೆಟ್ ಅದನ್ನ ಕಚ್ಚಿ ಹಾಕಲ್ಲ, ಹಗುರ ಅಲ್ಯೂಮಿನಿಯಂ ಬಾಡಿಯಲ್ಲಿ ಆ ತೊಂದ್ರೆ ಇದೆ. ಬೇರಿಂಗು ಬಿಚ್ಚಿ ಗ್ರೀಸ್ ಹಾಕೋ ತರದ್ದು, ನೋಡ್ಕೊಂಡ್ರೆ ವರ್ಷಗಟ್ಟಲೆ ಬರತ್ತೆ. ಹಬ್ಬು 11 ಸ್ಪೀಡಿಂದಾಗಿದ್ದು ನಿಮ್ಮ ಕ್ಯಾಸೆಟ್ 10 ಆದ್ರೆ 1.85 ಮಿಮೀ ಸ್ಪೇಸರ್ ಹಾಕ್ಬೇಕು, ಕ್ಯಾಸೆಟ್ ಜೊತೆ 1 ಮಿಮೀ ಸ್ಪೇಸರ್ ಬಂದಿದ್ರೆ ಅದನ್ನೂ ಸೇರಿಸ್ಬೇಕು. ರಿಮ್ ಡಬಲ್ ವಾಲ್ ಇರ್ಲಿ, ಡಿಟಿ ಸ್ವಿಸ್ ಆರ್ 460 ತರದ್ದು, 450 ರಿಂದ 550 ಗ್ರಾಂ ಒಳಗಿನದು ನೋಡಿ, ಅದಕ್ಕಿಂತ ಹಗುರದ ಆಸೆ ಬೇಡ.

ಸ್ಪೋಕ್ ವಿಷಯದಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ದಪ್ಪ ಇದ್ರೆ ಗಟ್ಟಿ ಅಂದ್ಕೊಂಡು ಉದ್ದಕ್ಕೂ 2 ಮಿಮೀ ಇರೋ ಸಾದಾ ಸ್ಪೋಕ್ ಕೇಳ್ತಾರೆ ಜನ. ಬಟೆಡ್ ಸ್ಪೋಕ್ ಕೇಳಿ ನೀವು, ಎರಡು ತುದೀಲಿ 2.0, ನಡುವೆ 1.8 ಮಿಮೀ, ಡಿಟಿ ಕಾಂಪಿಟಿಷನ್ನೋ ಸಪಿಮ್ ರೇಸೋ ಯಾವ್ದಾದ್ರೂ ಸರಿ. ನಡುಭಾಗ ಸಣ್ಣ ಇರೋದ್ರಿಂದ ಅಷ್ಟೇ ಬಿಗಿಗೆ ಇನ್ನೊಂಚೂರು ಜಾಸ್ತಿ ಹಿಗ್ಗಿರತ್ತೆ, ಹಿಗ್ಗಿರೋ ಸ್ಪೋಕ್ ಅಷ್ಟು ಬೇಗ ಪೂರ್ತಿ ಸಡಿಲ ಆಗಲ್ಲ, ಬಾಗಿದ ಜಾಗಕ್ಕೆ ಬೀಳೋ ಪೆಟ್ಟೂ ಕಮ್ಮಿ. ಅದಕ್ಕೇ ಸಾದಾದಕ್ಕಿಂತ ಜಾಸ್ತಿ ಬಾಳಿಕೆ. ನಿಪ್ಪಲ್ ಹಿತ್ತಾಳೇದೇ ಇರ್ಲಿ, ಅಲ್ಯೂಮಿನಿಯಂ ಹಾಕಿದ್ರೆ ಇಡೀ ವೀಲಿಗೆ ಉಳಿಯೋದು 20 ಗ್ರಾಂ ಆಸುಪಾಸು, ಅದಕ್ಕೋಸ್ಕರ ತುಕ್ಕು ಹಿಡಿದು ತಿರುಗ್ದೇ ಇರೋ ನಿಪ್ಪಲ್ ಕಟ್ಕೊಳ್ಳೋದು ಯಾಕೆ.

ಇಷ್ಟೆಲ್ಲ ಒಳ್ಳೆ ಸಾಮಾನು ತಂದ್ರೂ ಕಟ್ಟೋದು ಸರಿ ಇಲ್ದಿದ್ರೆ ಎಲ್ಲಾ ನೀರುಪಾಲು. ಮೂರು ಕ್ರಾಸಲ್ಲಿ, ಅಂದ್ರೆ ಒಂದೊಂದು ಸ್ಪೋಕೂ ಬೇರೆ ಮೂರನ್ನ ದಾಟಿ ಹೋಗೋ ಹಾಗೆ, ಕಟ್ಟಿ ಅನ್ನಿ, ಟೆನ್ಷನ್ ಮೀಟರ್ ಇಟ್ಟು ಅಳೀತೀರಾ ಅಂತ ಕೇಳಿ, ಬಲಗಡೆ 110 ರಿಂದ 120 ಕೆಜಿ ಬಿಗಿ ಬರ್ಬೇಕು, ರಿಮ್ ಕಂಪನಿ ಹೇಳಿರೋ ಮಿತಿ ದಾಟ್ಬಾರ್ದು. ಕಟ್ಟಾದ ಮೇಲೆ ಅಕ್ಕಪಕ್ಕದ ಸ್ಪೋಕ್‌ಗಳನ್ನ ಜೋಡಿ ಜೋಡಿಯಾಗಿ ಕೈಯಲ್ಲಿ ಗಟ್ಟಿಯಾಗಿ ಹಿಚುಕಿ ಮತ್ತೆ ಬೆಂಡ್ ನೋಡ್ಬೇಕು, ಮಾಡ್ದೇ ಕೊಟ್ರೆ ಮೊದಲ ರೈಡಲ್ಲೇ ಟಿಣ್ ಟಿಣ್ ಅಂತ ಸದ್ದು ಮಾಡ್ಕೊಂಡು ಸ್ಪೋಕ್ ಜಾಗ ಹುಡುಕ್ಕೊಳ್ಳತ್ತೆ, ಬೆಂಡೂ ಬರತ್ತೆ. 200-300 ಕಿಲೋಮೀಟರ್ ಆದ್ಮೇಲೆ ಒಂದ್ಸಲ ವಾಪಸ್ ತೋರ್ಸಿ.

ಕಾರ್ಬನ್ ಬಗ್ಗೆ ಗೆಳೆಯರು ಹೇಳಿದ್ದಕ್ಕೆ ಲೆಕ್ಕದಲ್ಲೇ ಉತ್ತರ ಕೊಡ್ತೀನಿ. ನೀವು, ಸೈಕಲ್ಲು, ನೀರಿನ ಬಾಟ್ಲಿ ಎಲ್ಲಾ ಸೇರಿ 120 ಕೆಜಿ ಅಂತಿಟ್ಕೊಳ್ಳಿ. ವೀಲಲ್ಲಿ 400 ಗ್ರಾಂ ಇಳಿಸಿದ್ರೆ ಒಂದು ಪರ್ಸೆಂಟೂ ಆಗಲ್ಲ ನೋಡಿ, ಒಂದು ಪರ್ಸೆಂಟಲ್ಲಿ ಮೂರನೇ ಒಂದು ಪಾಲು ಅಷ್ಟೇ. ಒಂದು ಗಂಟೆ ಹತ್ತೋ ಏರಲ್ಲಿ ಹೆಚ್ಚು ಅಂದ್ರೆ 12 ಸೆಕೆಂಡು. ಆ ದುಡ್ಡಲ್ಲಿ ಅರ್ಧಾನೂ ಬೇಡ, ಫ್ರೇಮಲ್ಲಿ ಜಾಗ ಇದ್ರೆ 28 ಮಿಮೀ ಒಳ್ಳೆ ಟೈರ್ ಹಾಕ್ಸಿ, ರಸ್ತೆ ಪೆಟ್ಟು ರಿಮ್ಮಿಗೂ ನಿಮಗೂ ಕಮ್ಮಿ ಆಗತ್ತೆ, ಟ್ಯೂಬ್ ಕಚ್ಚಿ ಪಂಚರ್ ಆಗೋದೂ ಕಮ್ಮಿ.

ಪ್ರಶ್ನೆ: ನನ್ನದು ಡಿಸ್ಕ್ ಬ್ರೇಕ್ ಬೈಕು, ತೂಕ 115 ಕೆಜಿ. ಕಟ್ಸೋಕೆ ಯಾರೂ ಸಿಕ್ತಿಲ್ಲ, ರೆಡಿ ವೀಲೇ ತಗೋಬೇಕು. 120 ಕೆಜಿ ಮಿತಿ ಅಂತ ಬರೆದಿರೋ ಒಂದು ವೀಲ್ ನೋಡಿದೀನಿ, ನನಗೆ ಸರಿ ಹೋಗತ್ತಾ?

ಉತ್ತರ: ಆ 120 ಯಾರ ತೂಕ ಅಂತ ಮೊದಲು ಸರಿಯಾಗಿ ಓದಿ. ಎಷ್ಟೋ ಕಂಪನಿಗಳು ಸವಾರ, ಸೈಕಲ್ಲು, ಬ್ಯಾಗು ಎಲ್ಲಾ ಸೇರಿಸಿ ಒಟ್ಟು ತೂಕ ಹೇಳಿರ್ತಾರೆ, ಹಾಗಿದ್ರೆ ನಿಮ್ಮ ತೂಕಕ್ಕೆ 10 ಕೆಜಿ ಸೈಕಲ್ ಕೂಡಿಸಿದ್ರೇ ಮಿತಿ ದಾಟೋಯ್ತು. ಬರೀ ಸವಾರರ ತೂಕ ಅಂತಿದ್ರೂ ತೀರಾ ಅಂಚಿಗೆ ಬರತ್ತೆ, ನಾನಾದ್ರೆ ಇನ್ನೂ ಮಿತಿ ಜಾಸ್ತಿ ಇರೋದನ್ನೇ ಹುಡುಕ್ತೀನಿ. ಹಿಂದೆ 28 ಕ್ಕಿಂತ ಕಮ್ಮಿ ಸ್ಪೋಕ್ ಇರೋದು ಬೇಡ. ಡಿಸ್ಕಲ್ಲಿ ಬ್ರೇಕ್ ಹಿಡಿದಾಗ ಆ ತಿರುಚು ಹಬ್ಬಿಂದ ರಿಮ್ಮಿಗೆ ಹೋಗೋದು ಸ್ಪೋಕ್ ಮೂಲಕಾನೇ, ಹಾಗಾಗಿ ಮುಂದಿನ ವೀಲೂ ಕ್ರಾಸ್ ಆಗಿ ಹೆಣೆದಿರೋದು, 28 ಸ್ಪೋಕಿಂದು ಇರ್ಲಿ. ಆಮೇಲೆ ಆಕ್ಸಲ್ ನಿಮ್ಮ ಫ್ರೇಮಿಗೆ ಸರಿ ಹೋಗತ್ತಾ, ರೋಟರ್ (ಬ್ರೇಕಿನ ಡಿಸ್ಕು) ಹಬ್ಬಿಗೆ ಕೂರೋದು ಸೆಂಟರ್‌ಲಾಕ್ ತರದಲ್ಲಾ ಆರು ಬೋಲ್ಟಲ್ಲಾ, ಫ್ರೀಹಬ್ ನಿಮ್ಮ ಕ್ಯಾಸೆಟ್ಟಿಗೆ ಕೂರತ್ತಾ, ಈ ಮೂರೂ ನೋಡ್ಕೊಂಡೇ ಆರ್ಡರ್ ಮಾಡಿ. ರೆಡಿ ವೀಲ್ ಬಂದ್ಮೇಲೂ ಒಬ್ಬ ಒಳ್ಳೆ ಮೆಕ್ಯಾನಿಕ್ ಕೈಯಲ್ಲಿ ಸ್ಪೋಕ್ ಬಿಗಿ ಚೆಕ್ ಮಾಡ್ಸಿ, ಮೆಷಿನಲ್ಲಿ ಕಟ್ಟಿದ್ದು ಕೆಲವೊಮ್ಮೆ ಬಿಗಿ ಕಮ್ಮಿ ಇರತ್ತೆ.

ಪ್ರಶ್ನೆ: ಹುಕ್‌ಲೆಸ್ ರಿಮ್ (ಟೈರ್ ಅಂಚನ್ನ ಹಿಡಿಯೋ ಕೊಕ್ಕೆ ಇಲ್ಲದ್ದು) ಈಗ ಕಮ್ಮಿ ಬೆಲೆಗೆ ಸಿಗ್ತಿದೆ, ಭಾರ ಇರೋರು ಹಾಕ್ಬೋದಾ?

ಉತ್ತರ: ರೋಡ್ ಟೈರ್ 28 ಮಿಮೀ ಆಸುಪಾಸಿನದೇ ಆಗಿದ್ರೆ ಬೇಡ ಅಂತೀನಿ. ಹುಕ್‌ಲೆಸ್ ರಿಮ್ಮಲ್ಲಿ ರೋಡ್ ಟೈರಿಗೆ ಗರಿಷ್ಠ ಗಾಳಿ 5 ಬಾರ್, ಅಂದ್ರೆ 72.5 ಪಿಎಸ್‌ಐ, ಅದನ್ನ ಮೀರಿದ್ರೆ ಟೈರ್ ರಿಮ್ ಬಿಟ್ಟು ಹಾರೋ ಅಪಾಯ ಇದೆ. ನೂರು ಕೆಜಿ ದಾಟಿದವ್ರಿಗೆ 28 ರ ಹಿಂದಿನ ಟೈರಿಗೆ ಅದಕ್ಕಿಂತ ಜಾಸ್ತಿ ಗಾಳಿ ಬೇಕಾಗೋದು ಸಾಮಾನ್ಯ. ಅಗಲ ಟೈರ್ ಹಾಕೋರಾದ್ರೆ ಆ ಮಿತಿ ಒಳಗೇ ಆರಾಮಾಗಿ ಓಡ್ಸ್ಬೋದು, ಆದ್ರೆ ಟೈರ್ ಮೇಲೆ ಹುಕ್‌ಲೆಸ್‌ಗೆ ಆಗತ್ತೆ ಅಂತ ಕಂಪನಿ ಹೇಳಿರ್ಬೇಕು. ಹುಕ್ ಇರೋ ರಿಮ್ ಸಿಗೋವಾಗ ನೀವು ಅದನ್ನೇ ತಗೊಳ್ಳಿ.